ಉಂಗುರಕ್ಕೆ ಯಾವ ಕಲ್ಲು?

ನಮ್ಮ ಶಾಲೆಯಲ್ಲಿ ಓದಿ, ಈಗ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿರುವ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿದೆ. ನಿಶ್ಚಿತಾರ್ಥದ ಉಂಗುರಕ್ಕೆ ಎಲ್ಲರಂತೆ ವಜ್ರ ಬೇಡ, ನೀಲಿ ಕಲ್ಲು ಬೇಕು ಎಂಬುದು ಅವಳ ಆಸೆ. ಹುಡುಗನದೂ ಒಪ್ಪಿಗೆಯಿದೆ. ಆದರೆ ಹಿರಿಯರದು ತಲೆಗೊಂದು ಮಾತು. ನೀಲ ಶನಿಯ ಕಲ್ಲು, ಶುಭಕಾರ್ಯಕ್ಕೆ ಬೇಡವೇ ಬೇಡ ಎನ್ನುತ್ತಾರೆ ತಾಯಿ. ಮುತ್ತು ಹಾಕಿಸಿ, ತಂಪು ಎನ್ನುತ್ತಾರೆ ಅಜ್ಜಿ. ಪಚ್ಚೆ ಚೆಂದ ಎನ್ನುತ್ತಾರೆ ಅತ್ತೆಯಾಗಲಿರುವವರು. ಬಣ್ಣದ ಕಲ್ಲು ಬಾಳಿಕೆ ಬರುವುದಿಲ್ಲ, ವಜ್ರವೊಂದೇ ಗಟ್ಟಿ ಎನ್ನುತ್ತಾರೆ ಅಂಗಡಿಯವರು. ‘ಸಾರ್, ಇದರಲ್ಲಿ ಯಾರ ಮಾತು ಕೇಳಲಿ?’ ಎಂದು ಅವಳು ಕೇಳಿದಳು.

ಒಳ್ಳೆಯ ಪ್ರಶ್ನೆ. ಓಲೆಯ ಕಲ್ಲು ಕಿವಿಯಲ್ಲಿ ಸುಮ್ಮನೆ ಕೂತಿರುತ್ತದೆ. ಪದಕದ ಕಲ್ಲು ಎದೆಯ ಮೇಲೆ ಕ್ಷೇಮವಾಗಿರುತ್ತದೆ. ಆದರೆ ಉಂಗುರ ಕೈಯ ಜೊತೆ ದುಡಿಯಬೇಕು. ಪಾತ್ರೆ, ನಲ್ಲಿ, ಬಾಗಿಲು, ಬಸ್ಸಿನ ಕಂಬಿ, ಎಲ್ಲಕ್ಕೂ ತಾಗಬೇಕು. ಮೂವತ್ತು ನಲವತ್ತು ವರ್ಷ ಈ ಪಾಡು ಪಡುವ ಕಲ್ಲನ್ನು ಆರಿಸುವಾಗ ಬೆಲೆ, ಅಂದ, ಅದೃಷ್ಟ ಇವು ಮೂರನ್ನೇ ನಾವು ವಿಚಾರಿಸುತ್ತೇವೆ. ಕಲ್ಲಿನ ಸ್ವಭಾವವೇನು ಎಂದು ಕೇಳುವವರು ಕಡಿಮೆ.

ಮೊದಲು ‘ಗಟ್ಟಿ’ ಎಂಬ ಮಾತನ್ನು ಬಿಡಿಸಿ ನೋಡೋಣ. ಆಡುಮಾತಿನಲ್ಲಿ ಇದು ಒಂದೇ ಪದ. ವಿಜ್ಞಾನದಲ್ಲಿ ಇದರೊಳಗೆ ಮೂರು ಬೇರೆ ಬೇರೆ ಗುಣಗಳಿವೆ. ಗೀರು ಬೀಳದಿರುವುದು ಒಂದು. ಪೆಟ್ಟು ಬಿದ್ದರೆ ಒಡೆಯದಿರುವುದು ಇನ್ನೊಂದು. ಬಿಸಿಲು, ಶಾಖ, ಹುಳಿ, ಸಾಬೂನುಗಳಿಗೆ ಬದಲಾಗದಿರುವುದು ಮೂರನೆಯದು. ಒಂದು ಗುಣವಿದ್ದರೆ ಉಳಿದೆರಡೂ ಇರಲೇಬೇಕೆಂದಿಲ್ಲ. ಗಾಜಿನ ಲೋಟಕ್ಕೆ ಸುಲಭವಾಗಿ ಗೀರು ಬೀಳದು, ಆದರೆ ಕೈಜಾರಿದರೆ ಚೂರು ಚೂರು. ಪ್ಲಾಸ್ಟಿಕ್ ಲೋಟ ಗೀರು ಬಿದ್ದು ಮಬ್ಬಾಗುತ್ತದೆ, ಆದರೆ ಬಿದ್ದರೆ ಒಡೆಯದು. ಇವೆರಡರಲ್ಲಿ ಯಾವುದು ಗಟ್ಟಿ?

ಗೀರಿನ ವಿಷಯವನ್ನು ಪ್ರೌಢಶಾಲೆಯ ಮಕ್ಕಳು ಕೇಳಿರಬಹುದು. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಹ್ಸ್ ೧೮೧೨ರಲ್ಲಿ ಹತ್ತು ಖನಿಜಗಳನ್ನು ಸಾಲಾಗಿ ಜೋಡಿಸಿದ. ಯಾವುದು ಯಾವುದರ ಮೇಲೆ ಗೀರು ಮಾಡಬಲ್ಲದು ಎಂಬುದೇ ಅವನ ಅಳತೆಗೋಲು. ಮೊದಲ ಮೆಟ್ಟಿಲಲ್ಲಿ ಟಾಲ್ಕ್. ಬೇಲೂರು ಹಳೇಬೀಡುಗಳ ಶಿಲ್ಪಿಗಳು ಕೆತ್ತಿದ ಬಳಪದ ಕಲ್ಲಿನ ನುಣುಪಿಗೆ ಕಾರಣವಾದ ಖನಿಜಗಳಲ್ಲಿ ಇದೂ ಒಂದು. ೭ನೇ ಮೆಟ್ಟಿಲಲ್ಲಿ ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚುಕಲ್ಲು. ೮ರಲ್ಲಿ ಟೋಪಾಜ್, ೯ರಲ್ಲಿ ಕುರುಂದ, ೧೦ರಲ್ಲಿ ವಜ್ರ. ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲ ಎಂಬುದನ್ನು ಮರೆಯಬಾರದು. ೯ರಿಂದ ೧೦ಕ್ಕೆ ಒಂದೇ ಹೆಜ್ಜೆ ಎನಿಸಿದರೂ, ವಜ್ರದ ಕಠಿಣತೆ ಕುರುಂದದ ಸುಮಾರು ನಾಲ್ಕು ಪಟ್ಟು.

ಉಂಗುರದ ಮಟ್ಟಿಗೆ ಮುಖ್ಯವಾದ ಅಂಕಿ ೭. ಏಕೆ? ನಮ್ಮ ಮನೆ, ಬೀದಿಗಳ ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುತ್ತವೆ. ಮರಳೆಂದರೆ ಬಹುಪಾಲು ಕ್ವಾರ್ಟ್ಜ್. ಉಂಗುರದ ಮೇಲೆ ಧೂಳು ಕೂತಿತೆಂದು ಸೆರಗಿನಿಂದ ಒರೆಸಿದರೆ, ೭ಕ್ಕಿಂತ ಕೆಳಗಿನ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ಒಂದು ದಿನದಲ್ಲಿ ಗೊತ್ತಾಗದು. ಕೆಲವು ವರ್ಷಗಳಲ್ಲಿ ಕಲ್ಲು ಮಂಕಾಗುತ್ತದೆ, ಅಂಚುಗಳ ಚೂಪು ಹೋಗುತ್ತದೆ. ಆದ್ದರಿಂದ ದಿನವೂ ಧರಿಸುವ ಉಂಗುರಕ್ಕೆ ೭ಕ್ಕಿಂತ ಮೇಲಿನ ಕಲ್ಲೇ ಲೇಸು.

ಇನ್ನು ಪೆಟ್ಟಿನ ವಿಷಯ. ರೋಮಿನ ಪ್ಲಿನಿ ಮೊದಲನೆಯ ಶತಮಾನದಲ್ಲೇ ಬರೆದಿಟ್ಟ ಮಾತೊಂದಿದೆ: ವಜ್ರವನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಒಡೆಯುವುದು ಸುತ್ತಿಗೆಯೇ ಹೊರತು ವಜ್ರವಲ್ಲವಂತೆ. ಇದು ಶುದ್ಧ ತಪ್ಪು. ವಜ್ರದ ಪರಮಾಣುಗಳ ಜೋಡಣೆಯಲ್ಲಿ ನಾಲ್ಕು ದಿಕ್ಕುಗಳಲ್ಲಿ ಬಂಧನ ಸಡಿಲವಾಗಿರುತ್ತದೆ. ಆ ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ವಜ್ರ ನುಣ್ಣಗೆ ಸೀಳುತ್ತದೆ. ವಜ್ರ ಕತ್ತರಿಸುವ ಕುಶಲಕರ್ಮಿಗಳು ಬಹುಕಾಲ ಕೆಲಸ ಮಾಡಿದ್ದೇ ಈ ಗುಣವನ್ನು ನಂಬಿ. ಕಟ್ಟಿಗೆಯನ್ನು ಎಳೆಯ ಜಾಡಿನಲ್ಲಿ ಸೀಳುವುದು ಸುಲಭ, ಅಡ್ಡಲಾಗಿ ಕಡಿಯುವುದು ಕಷ್ಟ, ಅಲ್ಲವೇ? ಇದೂ ಹಾಗೆಯೇ. ಈ ದಿಕ್ಕುಗಳಿಗೆ ಸೀಳುತಲ ಎನ್ನುತ್ತಾರೆ.

ಟೋಪಾಜಿನಲ್ಲೂ ಇಂಥ ಒಂದು ಸೀಳುತಲವಿದೆ. ನಮ್ಮ ಪೇಟೆಗಳಲ್ಲಿ ಪುಷ್ಯರಾಗ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಲ್ಲುಗಳು ಓಡಾಡುತ್ತವೆ. ಒಂದು ಹಳದಿ ಕುರುಂದ, ಇನ್ನೊಂದು ಹಳದಿ ಟೋಪಾಜ್. ನನಗೆ ಗೊತ್ತಿರುವ ಮನೆಯೊಂದರಲ್ಲಿ ನಿಶ್ಚಿತಾರ್ಥದ ಉಂಗುರದ ಟೋಪಾಜ್, ಮದುವೆಗೆ ಹದಿನೈದು ದಿನ ಇದೆಯೆನ್ನುವಾಗ, ನೀರಿನ ತೊಟ್ಟಿಯ ಅಂಚಿಗೆ ತಾಗಿ ಎರಡು ಹೋಳಾಯಿತು. ಅಪಶಕುನವೆಂದರು. ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದರು. ಮದುವೆ ಮುಂದಕ್ಕೆ ಹಾಕುವ ಮಾತೂ ಬಂತು. ಒಡೆದ ಹೋಳನ್ನು ನಾನು ನೋಡಿದೆ. ಒಡೆದ ಮುಖ ಕನ್ನಡಿಯಂತೆ ಸಪಾಟಾಗಿ ಹೊಳೆಯುತ್ತಿತ್ತು. ಸೀಳುತಲದ ಗುರುತು ಅದೇ. ಆ ಕಲ್ಲು ಯಾರ ಕೈಯಲ್ಲಿದ್ದರೂ ಆ ಪೆಟ್ಟಿಗೆ ಹಾಗೇ ಸೀಳುತ್ತಿತ್ತು. ಮದುವೆ ನಡೆಯಿತು, ಸರಿ. ಆದರೆ ಆ ಹದಿನೈದು ದಿನ ಕೇಳಿದ ಮಾತುಗಳನ್ನು ಮರೆಯಲು ಆ ಹುಡುಗಿಗೆ ವರ್ಷಗಳೇ ಬೇಕಾದವು. ಖನಿಜದ ಪಾಠವೊಂದು ಮನೆಯವರಿಗೆ ಗೊತ್ತಿದ್ದರೆ ಇಷ್ಟು ಕಣ್ಣೀರು ಬೇಕಿರಲಿಲ್ಲ.

ಮೂರನೆಯ ಗುಣಕ್ಕೆ ಬರೋಣ. ಅಜ್ಜಿ ಹೇಳಿದ ಮುತ್ತು ಕಠಿಣತೆಯಲ್ಲಿ ೩ರ ಆಸುಪಾಸಿನದು. ಜೊತೆಗೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಂಶದ್ದು. ನಿಂಬೆಹಣ್ಣು, ಹುಣಸೆಹುಳಿ, ವಿನೆಗರ್ ತಾಗಿದರೆ ಅದರ ಮೈ ಸವೆಯುತ್ತದೆ. ಹವಳದ ಕಥೆಯೂ ಇದೇ. ಕೊರಳಿಗೆ, ಕಿವಿಗೆ ಇವು ಶೋಭೆ. ಸಾರು ಕಲಸುವ ಕೈಗಲ್ಲ. ಓಪಲ್ ಎಂಬ ಬಣ್ಣಬಣ್ಣದ ಕಲ್ಲಿನೊಳಗೆ ನೀರಿನ ಅಂಶವಿರುತ್ತದೆ. ಒಣಹವೆ, ಶಾಖಗಳಲ್ಲಿ ಅದು ಬಿರುಕು ಬಿಡಬಹುದು. ನೇರಳೆ ಬಣ್ಣದ ಅಮೆಥಿಸ್ಟ್ ಬಹುಕಾಲ ಬಿಸಿಲಿಗೆ ಇಟ್ಟರೆ ಮಾಸಬಹುದು.

ಪಚ್ಚೆಯನ್ನು ಬೇರೆಯಾಗಿ ಹೇಳಬೇಕು. ಕಠಿಣತೆಯಲ್ಲಿ ಅದು ೭.೫ರಿಂದ ೮. ಅಂಕಿ ನೋಡಿದರೆ ಪರವಾಗಿಲ್ಲ. ಆದರೆ ಹೆಚ್ಚಿನ ಪಚ್ಚೆಗಳು ಹುಟ್ಟುವಾಗಲೇ ಒಳಗೆ ಬಿರುಕುಗಳನ್ನು ಹೊತ್ತು ಬರುತ್ತವೆ. ಅವು ಕಾಣದಿರಲೆಂದು ಎಣ್ಣೆ ಅಥವಾ ರಾಳ ತುಂಬುವುದು ವ್ಯಾಪಾರದಲ್ಲಿ ಸಾಮಾನ್ಯ. ಬಿಸಿನೀರು, ಸಾಬೂನು, ಶಬ್ದಾತೀತ ತರಂಗಗಳಿಂದ ತೊಳೆಯುವ ಯಂತ್ರ ಇವು ಆ ಎಣ್ಣೆಯನ್ನು ಹೊರಹಾಕುತ್ತವೆ. ಆಗ ಅಡಗಿದ್ದ ಬಿರುಕು ಎದ್ದು ಕಾಣುತ್ತದೆ. ದಿನಕ್ಕೆ ಹತ್ತು ಸಲ ಕೈ ತೊಳೆಯುವ ಆಸ್ಪತ್ರೆಯ ಕೆಲಸಕ್ಕೆ ಪಚ್ಚೆ ಹೊಂದದು. ಹಬ್ಬ ಹರಿದಿನಗಳಲ್ಲಿ ಮಾತ್ರ ಧರಿಸುವವರಿಗೆ ಅಡ್ಡಿಯಿಲ್ಲ.

ಹಾಗಾದರೆ ಮೂರು ಪರೀಕ್ಷೆಯಲ್ಲೂ ತೇರ್ಗಡೆಯಾಗುವ ಬಣ್ಣದ ಕಲ್ಲು ಯಾವುದು? ಮೊದಲ ಹೆಸರು ಕುರುಂದ. ಇಂಗ್ಲಿಷಿನವರ ‘ಕೊರಂಡಂ’ ಎಂಬ ಹೆಸರು ಹೋದದ್ದೇ ನಮ್ಮ ದಕ್ಷಿಣದಿಂದ, ತಮಿಳಿನ ‘ಕುರುಂದಂ’ ಎಂಬ ಮಾತಿನಿಂದ. ಸಾಣೆ ಹಿಡಿಯಲು ಬಳಸುವ ಪುಡಿಯೂ ಇದೇ ಖನಿಜ. ಕಠಿಣತೆ ೯. ವಜ್ರ, ಟೋಪಾಜ್‌ಗಳಿಗಿರುವಂಥ ಸೀಳುತಲ ಇದಕ್ಕಿಲ್ಲ. ಬಿಸಿಲಿಗೆ, ಸಾಬೂನಿಗೆ, ಅಡುಗೆಮನೆಯ ಹುಳಿಗೆ ಜಗ್ಗುವುದಿಲ್ಲ.

ಈ ಕುರುಂದವೆಂದರೆ ಏನು? ಎರಡು ಅಲ್ಯೂಮಿನಿಯಂ ಪರಮಾಣುಗಳಿಗೆ ಮೂರು ಆಮ್ಲಜನಕ ಪರಮಾಣುಗಳು ಸೇರಿದ ಸಾಮಾನ್ಯ ಆಕ್ಸೈಡ್. ಶುದ್ಧವಾಗಿದ್ದರೆ ಬಣ್ಣವೇ ಇಲ್ಲ. ಅದರಲ್ಲಿ ಶೇಕಡಾ ಒಂದರ ಆಸುಪಾಸಿನಲ್ಲಿ ಕ್ರೋಮಿಯಂ ಬೆರೆತರೆ ಕೆಂಪಾಗಿ ಮಾಣಿಕ್ಯವೆನಿಸುತ್ತದೆ. ಕಬ್ಬಿಣದ ಅಂಶ ಸೇರಿದರೆ ಹಳದಿ ಪುಷ್ಯರಾಗ. ಅದೇ ಕಬ್ಬಿಣದ ಜೊತೆ ಚಿಟಿಕೆಗೂ ಕಡಿಮೆ ಟೈಟಾನಿಯಂ ಸೇರಿದರೆ ನೀಲ. ನಂಬಿಕೆಯ ವಿಷಯದಲ್ಲಿ ಹಿರಿಯರೊಡನೆ ಜಗಳಕ್ಕೆ ನಿಲ್ಲುವುದು ನನ್ನ ಉದ್ದೇಶವಲ್ಲ. ರಸಾಯನ ವಿಜ್ಞಾನ ಹೇಳುವುದನ್ನಷ್ಟೇ ಮುಂದಿಡುತ್ತೇನೆ. ರವಿಯದೆಂದು ಪೂಜಿಸುವ ಮಾಣಿಕ್ಯ, ಗುರುವಿನದೆಂದು ಆದರಿಸುವ ಪುಷ್ಯರಾಗ, ಶನಿಯದೆಂದು ದೂರವಿಡುವ ನೀಲ, ಮೂರೂ ಒಂದೇ ತಾಯಿಯ ಮಕ್ಕಳು. ಬಟ್ಟೆಯ ಬಣ್ಣ ಮಾತ್ರ ಬೇರೆ. ಇದನ್ನು ತಾಯಿಗೆ ಸಮಾಧಾನದಿಂದ ತಿಳಿಸಿ ಹೇಳು ಎಂದು ಆ ಹುಡುಗಿಗೆ ಹೇಳಿದ್ದೇನೆ.

ನೀಲದ ಉಂಗುರ ಹೊಸತೇನೂ ಅಲ್ಲ. ೧೯೮೧ರಲ್ಲಿ ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್ ಜೊತೆ ನಿಶ್ಚಿತಾರ್ಥವಾದಾಗ ಡಯಾನಾ ಆರಿಸಿಕೊಂಡದ್ದು ಸುಮಾರು ೧೨ ಕ್ಯಾರೆಟ್, ಅಂದರೆ ೨.೪ ಗ್ರಾಂ ತೂಕದ, ಶ್ರೀಲಂಕಾದ ನೀಲ. ಅದೇ ಉಂಗುರವನ್ನು ೨೦೧೦ರಲ್ಲಿ ಮಗ ವಿಲಿಯಂ ತನ್ನ ವಧುವಿಗೆ ತೊಡಿಸಿದ. ನಿಶ್ಚಿತಾರ್ಥಕ್ಕೆ ವಜ್ರವೇ ಬೇಕೆಂಬ ಪದ್ಧತಿ ಹರಡಿದ್ದರಲ್ಲಿ ವ್ಯಾಪಾರದ ಪಾತ್ರ ದೊಡ್ಡದು. ‘ವಜ್ರ ಶಾಶ್ವತ’ ಎಂಬ ಅರ್ಥದ ಘೋಷಣೆಯನ್ನು ಡಿ ಬೀರ್ಸ್ ಕಂಪನಿಗಾಗಿ ಅಮೆರಿಕದ ಜಾಹೀರಾತು ಸಂಸ್ಥೆಯೊಂದು ಬರೆದದ್ದು ೧೯೪೭ರಲ್ಲಿ. ನಮ್ಮಲ್ಲಿ ವೀಳ್ಯ ಬದಲಾಯಿಸಿಕೊಂಡರೆ ಸಾಕು, ಮಾತು ಗಟ್ಟಿಯಾಗುತ್ತಿತ್ತು.

ಎರಡನೆಯ ಹೆಸರು ಸ್ಪಿನೆಲ್. ಕಠಿಣತೆ ೮, ಸುಲಭವಾಗಿ ಸೀಳುವ ಸ್ವಭಾವವಿಲ್ಲ. ಕೆಂಪು, ಗುಲಾಬಿ, ನೀಲಿ ಬಣ್ಣಗಳಲ್ಲಿ ಸಿಗುತ್ತದೆ. ಇದನ್ನು ಮಾಣಿಕ್ಯದಿಂದ ಬೇರೆಯೆಂದು ವಿಜ್ಞಾನ ಗುರುತಿಸಿದ್ದು ೧೭೮೩ರಲ್ಲಿ. ಬ್ರಿಟನ್ನಿನ ರಾಜಕಿರೀಟದ ಮುಂಭಾಗದಲ್ಲಿರುವ ‘ಕಪ್ಪು ರಾಜಕುಮಾರನ ಮಾಣಿಕ್ಯ’ ನಿಜವಾಗಿ ಸ್ಪಿನೆಲ್ಲೇ. ಮೂರನೆಯದು ನಮ್ಮ ನವರತ್ನಗಳಲ್ಲಿ ಒಂದಾದ ವೈಡೂರ್ಯ. ಬೆಕ್ಕಿನ ಕಣ್ಣಿನಂತೆ ಬೆಳಕಿನ ಗೆರೆ ಓಡುವ ಈ ಕಲ್ಲಿನ ಕಠಿಣತೆ ೮.೫, ಪೆಟ್ಟನ್ನೂ ಚೆನ್ನಾಗಿ ತಾಳುತ್ತದೆ.

‘ಇಷ್ಟು ಹಣ ಎಲ್ಲಿಂದ?’ ಎಂದು ತಂದೆತಾಯಿ ಕೇಳಬಹುದು. ಅದಕ್ಕೂ ದಾರಿಯಿದೆ. ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ ಎಂಬ ರಸಾಯನ ವಿಜ್ಞಾನಿ, ಅಲ್ಯೂಮಿನಿಯಂ ಆಕ್ಸೈಡಿನ ಪುಡಿಯನ್ನು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವಾಲೆಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ೧೯೦೨ರಲ್ಲಿ ಪ್ರಕಟಿಸಿದ. ಮುಂದೆ ನೀಲವನ್ನೂ ಹೀಗೆಯೇ ಬೆಳೆಸಿದರು. ಇದು ಗಾಜಿನ ನಕಲಿಯಲ್ಲ. ರಾಸಾಯನಿಕವಾಗಿ, ಸ್ಫಟಿಕ ರಚನೆಯಲ್ಲಿ, ಕಠಿಣತೆಯಲ್ಲಿ ಗಣಿಯ ಕಲ್ಲಿನಂಥದೇ. ಬೆಲೆ ಮಾತ್ರ ಬಹಳ ಕಡಿಮೆ. ಎಚ್‌ಎಂಟಿ ಗಡಿಯಾರಗಳು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಕಾಲದ ‘ಜನತಾ’ ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿದ್ದರೆ ತೆಗೆದು ನೋಡಿ. ‘೧೭ ಜ್ಯುವೆಲ್ಸ್’ ಎಂದರೆ ಅದರ ಚಕ್ರಗಳ ಅಚ್ಚು ಸವೆಯದಿರಲೆಂದು ಕೂರಿಸಿದ ಇಂಥ ಮಾಣಿಕ್ಯದ ಚೂರುಗಳು. ವರ್ಷಗಟ್ಟಲೆ ತಿರುಗಿದರೂ ಸವೆಯದ ಕಲ್ಲು ಬೆರಳಿನಲ್ಲಿ ಸವೆದೀತೇ?

ಕೊಳ್ಳುವಾಗ ಮೂರು ಮಾತು ನೆನಪಿಡಿ. ಒಂದು, ಕಲ್ಲು ಗಣಿಯದೋ ಪ್ರಯೋಗಾಲಯದ್ದೋ, ಅದಕ್ಕೆ ಏನು ಸಂಸ್ಕಾರ ಮಾಡಿದ್ದಾರೆ ಎಂಬುದನ್ನು ರಸೀದಿಯಲ್ಲಿ ಬರೆಸಿ. ದುಬಾರಿ ಕಲ್ಲಾದರೆ ರತ್ನ ಪರೀಕ್ಷಾ ಪ್ರಯೋಗಾಲಯದ ವರದಿ ಕೇಳಿ. ಬಣ್ಣಕ್ಕಾಗಿ ಕಾಯಿಸಿದ ನೀಲಕ್ಕೆ ಹೆದರಬೇಕಿಲ್ಲ, ಆ ಬಣ್ಣ ಮಾಸದು. ಆದರೆ ಬಿರುಕುಗಳಿಗೆ ಸೀಸದ ಗಾಜು ತುಂಬಿದ ಅಗ್ಗದ ಮಾಣಿಕ್ಯಗಳಿವೆ. ನಿಂಬೆರಸಕ್ಕೂ ಆ ಗಾಜು ಹಾಳಾಗುತ್ತದೆ. ಎರಡು, ಕಲ್ಲನ್ನು ನಾಲ್ಕು ಮುಳ್ಳುಗಳ ಮೇಲೆ ಎತ್ತಿ ನಿಲ್ಲಿಸುವ ಬದಲು, ಸುತ್ತಲೂ ಚಿನ್ನದ ಅಂಚು ಬರುವಂತೆ ತಗ್ಗಾಗಿ ಕೂರಿಸಲು ಅಕ್ಕಸಾಲಿಗರಿಗೆ ಹೇಳಿ. ಪೆಟ್ಟು ಮೊದಲು ಚಿನ್ನಕ್ಕೆ ಬೀಳುತ್ತದೆ. ಮೂರು, ಒಗೆಯುವಾಗ, ತಿಕ್ಕುವಾಗ ತೆಗೆದಿಡಿ. ಯಾವ ಕಲ್ಲೂ ಅಮರವಲ್ಲ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಳಪದ ಕಲ್ಲಿನ ತುಂಡು, ಬೆಣಚುಕಲ್ಲಿನ ಹರಳು, ಹಳೆಯ ತಾಮ್ರದ ನಾಣ್ಯ, ಕಬ್ಬಿಣದ ಮೊಳೆ, ಬೇಡವಾದ ಗಾಜಿನ ಬಿಲ್ಲೆ ಇವನ್ನು ಕೂಡಿಸಿ. ನಿಮ್ಮ ಉಗುರನ್ನೂ ಸೇರಿಸಿಕೊಳ್ಳಿ, ಅದರ ಕಠಿಣತೆ ಸುಮಾರು ೨.೫. ಗಾಜಿನ ಅಂಚು ಕೈ ಕೊಯ್ಯದಂತೆ ದೊಡ್ಡವರೊಬ್ಬರು ಜೊತೆಗಿರಲಿ. ಯಾವುದು ಯಾವುದರ ಮೇಲೆ ಗೀರು ಮಾಡುತ್ತದೆ ನೋಡಿ, ಬೆರಳಿನಿಂದ ಒರೆಸಿ. ಒರೆಸಿದರೆ ಹೋಗುವುದು ಪುಡಿ, ಉಳಿಯುವುದು ಗೀರು. ನಿಮ್ಮದೇ ಮೆಟ್ಟಿಲು ಸಾಲು ಬರೆದಿಡಿ. ಅಮ್ಮನ ಉಂಗುರದ ಮೇಲೆ ಮಾತ್ರ ಈ ಪ್ರಯೋಗ ಬೇಡ!