"ಮನೆಯಲ್ಲಿ ಜನರೇಟರ್ ಉಂಟಾ?"

ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಗಾಳಿಗೆ ನಮ್ಮ ಓಣಿಯ ತುದಿಯ ಹಲಸಿನ ಮರದ ಗೆಲ್ಲು ತಂತಿ ಮೇಲೆ ಬಿತ್ತು. 1912ಕ್ಕೆ ಫೋನ್ ಮಾಡಿದ್ವಿ. ಬೆಳಿಗ್ಗೆ ಮಳೆಯಲ್ಲೇ ಮೆಸ್ಕಾಂ ಲೈನ್‌ಮ್ಯಾನ್ ಬಂದ್ರು. ಕಂಬಕ್ಕೆ ಏಣಿ ಇಡುವ ಮೊದಲು ನಮ್ಮ ಗೇಟಿನ ಹತ್ರ ನಿಂತು ಕೇಳಿದ್ರು: "ಮನೆಯಲ್ಲಿ ಜನರೇಟರ್ ಉಂಟಾ?"

ಉಂಟು ಅಂದೆ. "ಕನೆಕ್ಷನ್ ಹೇಗೆ ಕೊಟ್ಟದ್ದು?"

ಇಲ್ಲಿ ನನ್ನ ಬಾಯಿ ಕಟ್ಟಿತು. ವಯರಿನ ಎರಡೂ ತುದಿಗೆ ಪ್ಲಗ್ ಹಾಕಿ, ಜಗಲಿಯ ಪವರ್ ಸಾಕೆಟ್‌ಗೆ ಚುಚ್ಚಿದ್ದೆ. "ಮೈನ್ ಆಫ್ ಮಾಡಿದ್ದೇನೆ" ಅಂದೆ. "ನೀವು ಇವತ್ತು ಮಾಡಿದ್ರಿ ಮಾರಾಯ್ರೆ. ನೀವು ಆಫೀಸಿಗೆ ಹೋದ ದಿನ ಅಮ್ಮನಿಗೆ ನೆನಪಿರ್ತದಾ?"

ಅವರ ಭಯಕ್ಕೆ ಕಾರಣ ಉಂಟು. ಬೀದಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ನಮ್ಮ ಮನೆಯ 230ಕ್ಕೆ ಇಳಿಸುವುದಷ್ಟೇ ಅಲ್ಲ, ಈ ಕಡೆಯಿಂದ 230 ಹೋದರೆ ಅದನ್ನೇ ಸಾವಿರಾರು ವೋಲ್ಟಿಗೆ ಏರಿಸ್ತದೆ. ಮೈನ್ ಆಫ್ ಮಾಡಲು ಮರೆತು ಜನರೇಟರ್ ಓಡಿಸಿದರೆ, "ಲೈನ್ ಆಫ್ ಉಂಟು" ಅಂತ ಕಂಬದ ಮೇಲೆ ಕೈ ಹಾಕಿದವರ ಜೀವ ಹೋಗಬಹುದು. ಆ ವಯರನ್ನು ಸಾಕೆಟ್‌ನಿಂದ ಕಿತ್ತರೆ, ಕೈಯಲ್ಲಿರುವ ಪ್ಲಗ್‌ನ ಪಿನ್ನಿನಲ್ಲೇ ಕರೆಂಟು.

ಇದಕ್ಕೆ ಇರುವ ಪರಿಹಾರ ಚೇಂಜ್ ಓವರ್ ಸ್ವಿಚ್. ಒಂದು ಕಡೆ ಮೆಸ್ಕಾಂ, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ, ಅಮ್ಮ ಮರೆತರೂ ಸಹ. ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗುವ ಸ್ವಿಚ್ಚೇ ಬೇಕು ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿ. ಅರ್ಥಿಂಗ್ ಕೂಡ ಮಾಡಿಸಿ.

ಇನ್ನು ಸೆಟ್‌ನ ಕತೆ. ಇನ್ವರ್ಟರ್ ಸಾಕಾಗಲ್ವಾ ಅಂತ ಕೇಳಬಹುದು. ಎರಡು ಮೂರು ಗಂಟೆಗೆ ಸಾಕು. ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಗಿ ಬಾವಿ ಪಂಪು ನಿಂತರೆ ಸಾಕಾಗುವುದಿಲ್ಲ. ಹಾಗಾಗಿ ಮೊಬೈಲ್ ಟವರ್, ಬ್ಯಾಂಕು, ಕಲ್ಯಾಣ ಮಂಟಪದವರು ತೆಗೆದು ಹಾಕಿದ ಹಳೇ ಡೀಸೆಲ್ ಸೆಟ್ ಕಡೆ ನಮ್ಮ ಕಣ್ಣು ಹೋಗ್ತದೆ. ನಾನೂ ಹಾಗೇ 15 ಕೆ.ವಿ.ಎ. ಸೆಟ್ ಒಂದನ್ನು ತಂದೆ. "ದೊಡ್ಡದಿದ್ದರೆ ಒಳ್ಳೇದೇ ಅಲ್ವಾ" ಅಂದುಕೊಂಡೆ. ಅಲ್ಲ.

15 ಕೆ.ವಿ.ಎ. ಅಂದರೆ ಸುಮಾರು 12 ಕಿಲೋವ್ಯಾಟ್. ನಮ್ಮ ಫ್ರಿಜ್, ಐದು ಫ್ಯಾನ್, ಲೈಟು, ಟಿವಿ, ವೈಫೈ ಎಲ್ಲಾ ಸೇರಿದರೂ 1 ಕಿಲೋವ್ಯಾಟ್ ದಾಟುವುದಿಲ್ಲ. ಡೀಸೆಲ್ ಇಂಜಿನ್‌ಗೆ ಅದರ ಶಕ್ತಿಯ ಶೇ. 30ರಷ್ಟಾದರೂ ಲೋಡ್ ಬೇಕು. ಇಲ್ಲದಿದ್ದರೆ ಸಿಲಿಂಡರ್ ಸರಿಯಾಗಿ ಬಿಸಿಯಾಗದೆ ಡೀಸೆಲ್ ಅರ್ಧಂಬರ್ಧ ಉರಿದು, ಮಸಿ ಕಟ್ಟಿಕೊಳ್ಳುತ್ತದೆ. ಸೈಲೆನ್ಸರ್ ಜಾಯಿಂಟ್‌ನಿಂದ ಕಪ್ಪು ಎಣ್ಣೆ ಇಳಿಯುತ್ತಿದ್ದರೆ ಇದೇ ರೋಗ. ನಮ್ಮದರಲ್ಲೂ ಇಳಿಯುತ್ತಿತ್ತು. ಫ್ಯಾನ್, ಲೈಟು, ಫ್ರಿಜ್ ಜೊತೆ 1 ಎಚ್.ಪಿ. ಪಂಪು ಇರುವ ಮನೆಗೆ 5ರಿಂದ 7.5 ಕೆ.ವಿ.ಎ. ಸಾಕು. ಪಂಪು ಸ್ಟಾರ್ಟ್ ಆಗುವ ಕ್ಷಣ ಐದಾರು ಪಟ್ಟು ಕರೆಂಟು ಎಳೆಯುವುದರಿಂದ ಅದಕ್ಕಿಂತ ಚಿಕ್ಕದೂ ಬೇಡ.

ಹಳೇ ಸೆಟ್ ನೋಡಲು ಹೋದಾಗ ಮೊದಲು ಇಂಜಿನ್ ಮುಟ್ಟಿ. ತಣ್ಣಗಿರಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಎಷ್ಟು ಸತಾಯಿಸ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಖಾಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ, ಲೋಡ್ ಹಾಕಿಸಿ. ಲೋಡ್ ಹಾಕಿದ ಮೇಲೂ ಮೀಟರ್ 230 ವೋಲ್ಟ್, 50 ಹರ್ಟ್ಸ್ ಆಸುಪಾಸಿನಲ್ಲೇ ಇರಬೇಕು.

ಮನೆಗೆ ಬಂದ ಮೇಲೆ ಬರುವ ತೊಂದರೆಗಳು ಹೆಚ್ಚಾಗಿ ಇವೇ:

ಸೆಲ್ಫ್ ಹೊಡೆದರೆ ಬರೀ ಟಿಕ್ ಟಿಕ್: ಬ್ಯಾಟರಿ. ನಮ್ಮ ಕಡಲ ಗಾಳಿಗೆ ಟರ್ಮಿನಲ್ ಮೇಲೆ ಹಸಿರು-ಬಿಳಿ ಪುಡಿ ಕಟ್ಟುವುದು ಬೇಗ. ಉಜ್ಜಿ ತೆಗೆದು ವ್ಯಾಸಲಿನ್ ಹಚ್ಚಿ. ನಿಂತಿರುವಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ಫುಲ್ ಚಾರ್ಜ್ ಅಂತ ಲೆಕ್ಕ.

ಇಂಜಿನ್ ತಿರುಗ್ತದೆ, ಹೊಗೆಯೇ ಇಲ್ಲ: ಡೀಸೆಲ್ ತಲುಪುತ್ತಿಲ್ಲ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬಿಸಿದ ಮೇಲೆ ಲೈನ್‌ನಲ್ಲಿ ಗಾಳಿ ಸೇರಿಕೊಳ್ಳುವುದು ಮಾಮೂಲಿ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ.

ಹೊಗೆಯ ಬಣ್ಣ: ಕಪ್ಪಾದರೆ ಲೋಡ್ ಜಾಸ್ತಿ ಅಥವಾ ಏರ್ ಫಿಲ್ಟರ್ ಕಟ್ಟಿದೆ. ನೀಲಿಯಾದರೆ ಇಂಜಿನ್ ಆಯಿಲ್ ಉರೀತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರೀತಿಲ್ಲ ಅಥವಾ ನೀರು ಸೇರಿದೆ. ನೀಲಿ, ಬಿಳಿ ಎರಡಕ್ಕೂ ಮೆಕ್ಯಾನಿಕ್ ಬೇಕು.

ಇಂಜಿನ್ ಓಡ್ತದೆ, ಕರೆಂಟಿಲ್ಲ: ಮೊದಲು ಬ್ರೇಕರ್ ನೋಡಿ. ತುಂಬಾ ದಿನ ನಿಂತ ಸೆಟ್‌ನಲ್ಲಿ ಆಲ್ಟರ್ನೇಟರ್‌ನ ಕಾಂತಶಕ್ತಿ ಇಳಿದಿರಬಹುದು, ಎ.ವಿ.ಆರ್. ಕೂಡ ಹೋಗಿರಬಹುದು. ಇದಕ್ಕೆ ನಾವು ಕೈ ಹಾಕುವುದು ಬೇಡ, ಬಲ್ಲವರನ್ನು ಕರೆಸಿ.

ಇವುಗಳಲ್ಲಿ ಅರ್ಧಕ್ಕರ್ಧ ತೊಂದರೆ ಬರುವುದು ಸೆಟ್ ಓಡಿ ಅಲ್ಲ, ಓಡದೆ. ತಿಂಗಳಿಗೊಂದು ಭಾನುವಾರ ಅರ್ಧ ಗಂಟೆ ಓಡಿಸಿ, ಪಂಪು, ಇಸ್ತ್ರಿಪೆಟ್ಟಿಗೆ ಹಾಕಿ ಲೋಡ್ ಕೊಟ್ಟು. ಐದು ನಿಮಿಷ ಖಾಲಿ ಓಡಿಸುವುದರಿಂದ ಉಪಕಾರಕ್ಕಿಂತ ಉಪದ್ರವೇ ಜಾಸ್ತಿ. ಟ್ಯಾಂಕ್ ತುಂಬಿಯೇ ಇರಲಿ. ಅರ್ಧ ಖಾಲಿಯಿದ್ದರೆ ನಮ್ಮ ಊರಿನ ತೇವಕ್ಕೆ ಒಳಗೆ ನೀರು ಕಟ್ಟಿ ತಳಕ್ಕೆ ಇಳೀತದೆ. ಆರು ತಿಂಗಳಿಗಿಂತ ಹಳೇ ಡೀಸೆಲ್ ಇಟ್ಟುಕೊಳ್ಳಬೇಡಿ. ಇಂಜಿನ್ ಆಯಿಲ್ ಸಾಮಾನ್ಯವಾಗಿ 250 ಗಂಟೆಗೊಮ್ಮೆ ಬದಲಿಸಬೇಕು. ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಿ.

ಮತ್ತೊಂದು ಮಾತು. ಮಳೆ ಅಂತ ಸೆಟ್ಟನ್ನು ಮುಚ್ಚಿದ ಪೋರ್ಟಿಕೋದಲ್ಲೋ ಟಾರ್ಪಾಲಿನ ಒಳಗೋ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಮೇಲೆ ಮಾಡು, ನಾಲ್ಕೂ ಕಡೆ ಗಾಳಿ, ಹೊಗೆ ಕೊಳವೆ ಕಿಟಕಿಗಳಿಂದ ದೂರ ಮತ್ತು ಎತ್ತರ. ನಿಮ್ಮ ಕಿಟಕಿ ಮಾತ್ರ ಅಲ್ಲ, ಪಕ್ಕದ ಮನೆಯವರದ್ದೂ.

ನಾನು ಆ ವಾರವೇ ಚೇಂಜ್ ಓವರ್ ಹಾಕಿಸಿದೆ. ಆಮೇಲೆ 15 ಕೆ.ವಿ.ಎ. ಕೊಟ್ಟು ಚಿಕ್ಕದೊಂದು ತಂದೆ. ಈ ವರ್ಷ ಮತ್ತೆ ಗೆಲ್ಲು ಬಿತ್ತು, ಮತ್ತೆ ಅವರೇ ಬಂದ್ರು, ಮತ್ತೆ ಅದೇ ಪ್ರಶ್ನೆ. ಸ್ವಿಚ್ ತೋರಿಸಿದೆ. "ಒಳ್ಳೇದಾಯ್ತು" ಅಂದ್ರು. ಆದರೂ ಮೇಲೆ ಹತ್ತುವ ಮೊದಲು ಲೈನ್ ಟೆಸ್ಟ್ ಮಾಡಿ, ಅರ್ಥ್ ಕಟ್ಟಿಯೇ ಕೈ ಹಾಕಿದ್ರು. ನನ್ನ ಮನೆಯಲ್ಲಿ ಸ್ವಿಚ್ ಉಂಟು ನಿಜ, ಆದರೆ ಆ ತಂತಿಯಲ್ಲಿ ಇನ್ನೂ ಎಷ್ಟೋ ಮನೆಗಳು ಉಂಟಲ್ವಾ? ನಿಮ್ಮ ಮನೆಯದ್ದನ್ನು ಇವತ್ತು ಸಂಜೆಯೇ ಒಮ್ಮೆ ನೋಡಿ.