ಹಿನ್ನೀರಿನ ದಂಡೆಯಲ್ಲಿ ಕಾಲ್ನಡಿಗೆ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯ ಸೀಮೆಗೆ ಅನತಿದೂರದಲ್ಲಿರುವ ಅಂಬುತೀರ್ಥದಲ್ಲಿ ಶರಾವತಿಯು ಶಾಲಾಬಾಲಕನೊಬ್ಬನು ದಾಟಬಹುದಾದಷ್ಟು ಕಿರಿದಾದ ನೀರು. ಶ್ರೀರಾಮನು ಸೀತೆಯ ದಾಹವನ್ನು ತಣಿಸಲೆಂದು ಅಂಬನ್ನೆಸೆದಾಗ ಚಿಮ್ಮಿದ ಜಲವಿದೆಂದು ಸ್ಥಳಪುರಾಣವು ಸಾರುತ್ತದೆ. ಈ ಕಿರುದೊರೆಯೇ ಹೊಸನಗರದ ಬಳಿಗೆ ಬರುವಷ್ಟರಲ್ಲಿ ಮೈಚಾಚಿ ಹಿನ್ನೀರಾಗಿ ಮಾರ್ಪಡುತ್ತದೆ. 1964ರಲ್ಲಿ ಪೂರ್ಣಗೊಂಡ, ಸುಮಾರು 2.7 ಕಿಲೋಮೀಟರ್ ಉದ್ದದ ಲಿಂಗನಮಕ್ಕಿ ಅಣೆಕಟ್ಟು ಇದಕ್ಕೆ ಕಾರಣ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಅದು ಹಿಡಿದಿಡುವ ನೀರು 151 ಟಿ.ಎಂ.ಸಿ.ಗೂ ಅಧಿಕ, ಅದು ಆವರಿಸಿದ ನೆಲ 300 ಚದರ ಕಿಲೋಮೀಟರಿಗೂ ಮಿಗಿಲು.

ಪ್ರತಿವರ್ಷವೂ ಲಕ್ಷಾವಧಿ ಜನರು ಜೋಗವನ್ನು ನೋಡಿ ಹೋಗುತ್ತಾರೆ. ಅದರ ನೆತ್ತಿಯ ಮೇಲಿರುವ ಈ ವಿಶಾಲ ಜಲರಾಶಿಯ ದಂಡೆಯಲ್ಲಿ ನಾಲ್ಕು ದಿನ ನಡೆದವರು ಎಷ್ಟು ಮಂದಿ? ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಹುಟ್ಟಿ ಬೆಳೆದ ವಿದ್ಯಾರ್ಥಿಗಳಲ್ಲಿಯೂ ಅಂಥವರು ವಿರಳ. ಈ ಕೊರತೆಯು ನೀಗಬೇಕಾದುದು ಅವಶ್ಯ.

ಸೌಂದರ್ಯದ ಮಾತನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ನೀರಿನ ನಡುವೆ ದ್ವೀಪಗಳಾಗಿ ಉಳಿದ ಗುಡ್ಡದ ನೆತ್ತಿಗಳು, ದೂರದಲ್ಲಿ ಕೊಡಚಾದ್ರಿಯ ನೀಲಿಯ ಸಾಲು, ಮುಂಜಾವಿನ ಮಂಜು ಇವೆಲ್ಲ ನಡೆಯುವವನಿಗೆ ತಾವಾಗಿಯೇ ದೊರಕತಕ್ಕವು. ಹೇಳಬೇಕಾದ ಕಾರಣವು ಬೇರೆಯೇ ಇದೆ. ವಾಹನದಲ್ಲಿ ಹೋಗುವವನು ರಸ್ತೆಯು ನೀರನ್ನು ಮುಟ್ಟುವ ಕಡೆ ಮಾತ್ರ ನೀರನ್ನು ಕಾಣುತ್ತಾನೆ. ಜಲಾಶಯದ ಅಂಚಾದರೋ ಪ್ರತಿಯೊಂದು ಕಣಿವೆಯೊಳಕ್ಕೂ ಬೆರಳಿನಂತೆ ಚಾಚಿಕೊಂಡಿದೆ. ಎದುರಿಗೇ ಕಾಣುವ ಊರನ್ನು ಸೇರಲು ಅರ್ಧ ದಿವಸ ಬಳಸಿ ನಡೆದವನಿಗೆ, ಅಲ್ಲಿ ಹಿಂದೆ ಒಂದು ನೇರವಾದ ದಾರಿಯಿದ್ದಿತೆಂಬುದೂ ಆ ದಾರಿಯ ಇಕ್ಕೆಲಗಳಲ್ಲಿ ಗದ್ದೆ, ತೋಟ, ಮನೆಗಳಿದ್ದವೆಂಬುದೂ ಕಾಲಿನ ನೋವಿನಿಂದಲೇ ತಿಳಿಯುತ್ತದೆ. ಇಳಿಜಾರಿನಲ್ಲಿ ನೀರೊಳಗೆ ಮುಳುಗಿಹೋಗುವ ಹಳೆಯ ರಸ್ತೆಗಳು, ಹೊನ್ನೆಮರಡುವಿನ ಕಡೆ ನೀರಿನಲ್ಲಿಯೇ ಒಣಗಿ ನಿಂತ ಮರದ ಬೊಡ್ಡೆಗಳು ಯಾವ ಪಠ್ಯಪುಸ್ತಕವೂ ಕಲಿಸಲಾರದ ಚರಿತ್ರೆಯನ್ನು ಕಲಿಸಬಲ್ಲವು.

ಆ ಚರಿತ್ರೆಯು ಇನ್ನೂ ಮುಗಿದಿಲ್ಲವೆಂಬುದೇ ವಿಷಾದದ ಸಂಗತಿ. ಇಲ್ಲಿಂದ ಎದ್ದುಹೋದ ಕುಟುಂಬಗಳಲ್ಲಿ ಅನೇಕವು, ತಮಗೆ ತೋರಿಸಲ್ಪಟ್ಟ ನೆಲದ ಹಕ್ಕುಪತ್ರಕ್ಕಾಗಿ ಅರ್ಧ ಶತಮಾನವು ಕಳೆದರೂ ಕಚೇರಿಗಳಿಗೆ ಅಲೆಯುತ್ತಿವೆ. ನಾಡಿನ ಮನೆಮನೆಗಳಲ್ಲಿ ದೀಪವು ಉರಿದದ್ದು ಇವರ ಒಲೆಗಳು ಆರಿದುದರಿಂದ. ಸಾಗರದ ನಾ. ಡಿಸೋಜ ಅವರು (1937–2025) ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ನೋವಿಗೆ ಮಾತು ಕೊಟ್ಟರು. ಆ ಪುಸ್ತಕಗಳನ್ನು ಓದಿ ದಂಡೆಗೆ ಬಂದವನ ನಡಿಗೆಯು ಖಂಡಿತವಾಗಿಯೂ ನಿಧಾನವಾದೀತು.

ಸೇತುವೆಯಾಗಿದೆ, ಬಸ್ಸು ಓಡಾಡುತ್ತದೆ, ಇನ್ನು ನಡೆಯುವುದೇಕೆ ಎಂದು ಕೇಳುವವರುಂಟು. ಅಂಬಾರಗೋಡ್ಲು–ಕಳಸವಳ್ಳಿಗಳ ನಡುವಣ ಸುಮಾರು 2.4 ಕಿಲೋಮೀಟರಿನ ಸೇತುವೆಯು 2025ರ ಜುಲೈನಲ್ಲಿ ತೆರೆಯಿತು. ರೋಗಿಯನ್ನು ಹೊತ್ತು ಲಾಂಚಿಗಾಗಿ ಕಾದು ಕುಳಿತ ತುಮರಿ ಸೀಮೆಯ ಜನರ ದಶಕಗಳ ಬವಣೆಯು ಅದರಿಂದ ತೀರಿತು. ಅದನ್ನು ಅಲ್ಲಗಳೆಯುವುದು ಅವಿವೇಕ. ಆದರೆ ಕೆಲವೇ ನಿಮಿಷಗಳಲ್ಲಿ ಹಿನ್ನೀರನ್ನು ದಾಟಿಹೋಗುವ ತಲೆಮಾರಿಗೆ ಈ ನೀರು ಬರಿಯ ನೋಟವಾಗಿ ಉಳಿಯುವ ಅಪಾಯವೂ ಅದರೊಡನೆಯೇ ಬಂದಿದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವು ಬಂದಾಗ ಶಿವಮೊಗ್ಗ ಜಿಲ್ಲೆಯೇ ಬೀದಿಗಿಳಿಯಿತು. ತಳಕಳಲೆ ಮತ್ತು ಗೇರುಸೊಪ್ಪೆಗಳ ನಡುವೆ 2,000 ಮೆಗಾವಾಟಿನ ವಿದ್ಯುತ್ ಯೋಜನೆಯ ಬಗೆಗೂ ವಾದವಿವಾದಗಳು ಎದ್ದಿವೆ. ಪರವಾಗಿಯೇ ಆಗಲಿ ವಿರೋಧವಾಗಿಯೇ ಆಗಲಿ ಅಭಿಪ್ರಾಯ ಹೇಳುವವನು ಈ ಕಣಿವೆಯನ್ನು ಕಾಲಿನಿಂದ ಅಳೆದಿರಬೇಕೆಂಬುದು ಅತಿಯಾದ ಅಪೇಕ್ಷೆಯೇನೂ ಅಲ್ಲ.

ಜಲಾಶಯವನ್ನು ಒಂದೇ ಬಾರಿಗೆ ಸುತ್ತಿಬರುವೆನೆಂಬ ಹಟವು ಬೇಡ. ಪಶ್ಚಿಮದ ದಂಡೆಯ ಬಹುಭಾಗವು 1972ರಲ್ಲಿ ಘೋಷಿತವಾದ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದ್ದು. ಸಿಂಗಳೀಕಗಳ ಆ ನೆಲೆಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊಗಲಾಗದು, ಹೊಗಲೂಬಾರದು. ಮಳೆಗಾಲದಲ್ಲಿ ಉಂಬಳಗಳ ಉಪದ್ರವವೂ ಸಾಮಾನ್ಯವಾದುದಲ್ಲ. ಮಾರ್ಗಶಿರ ಮಾಸದಿಂದ ಶಿವರಾತ್ರಿಯವರೆಗಿನ ಅವಧಿಯು ಪ್ರಶಸ್ತವಾದುದು. ಅಂಬುತೀರ್ಥದಿಂದ ಹೊರಟು, ನದಿಯ ಜಾಡನ್ನು ಹಿಡಿದು ಹೊಸನಗರದವರೆಗೆ ಊರದಾರಿಗಳಲ್ಲಿಯೇ ಸಾಗಬಹುದು. ಕಾನು, ಸೊಪ್ಪಿನಬೆಟ್ಟ, ಬ್ಯಾಣಗಳ ಭೇದವನ್ನು ಮಕ್ಕಳು ದಾರಿಯಲ್ಲಿಯೇ ಅರಿಯುತ್ತಾರೆ. ಶಾಲೆಗಳು ತಮ್ಮ ವಾರ್ಷಿಕ ಪ್ರವಾಸದ ಎರಡು ದಿನಗಳನ್ನಾದರೂ ಇದಕ್ಕೆ ಮೀಸಲಿಡಬೇಕು. ಸಾಧ್ಯವಾದರೆ ಮುಳುಗಡೆಯನ್ನು ಕಣ್ಣಾರೆ ಕಂಡ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಅಂಥವರ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ.

ಮಳೆಯು ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಮಡೆನೂರಿನ ಬಳಿ ಇನ್ನೊಂದು ವಿಸ್ಮಯವು ಕಾದಿರುತ್ತದೆ. ಲಿಂಗನಮಕ್ಕಿಗೂ ಮೊದಲು ಜೋಗದ ವಿದ್ಯುದಾಗಾರಕ್ಕೆ ನೀರೊದಗಿಸಿದ ಹಿರೇಭಾಸ್ಕರ ಅಣೆಕಟ್ಟು ಹೊಸ ಜಲಾಶಯದಲ್ಲಿ ತಾನೇ ಮುಳುಗಿದೆ. ನೀರು ಕೆಳಗಿಳಿದಾಗ ಅದು ತನ್ನ ಸೈಫನ್ನುಗಳೊಡನೆ ಗಟ್ಟಿಮುಟ್ಟಾಗಿ ಮೇಲೆದ್ದು ನಿಲ್ಲುತ್ತದೆ. ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ಜನರು ಅಲ್ಲಿಯವರೆಗೂ ನಡೆದುಹೋಗಿ ಅದನ್ನು ಮುಟ್ಟಿ ಬರುತ್ತಾರೆ.