ಆದಿಯಲ್ಲೇ ಹಂಸಪಾದ

ಕೆಲಸದ ಮೊದಲಿಗೇ ವಿಘ್ನವೊಂದು ತಲೆದೋರಿದರೆ ‘ಆದಿಯಲ್ಲೇ ಹಂಸಪಾದ’ ಎಂದು ಮನೆಯ ಹಿರಿಯರು ನಗುವುದುಂಟು. ಆ ಹಂಸಪಾದವು ಎಲ್ಲಿಯದೆಂದು ವಿಚಾರಿಸಿದವರು ಕಡಿಮೆ. ಓಲೆಗರಿಯಲ್ಲಿ ಬರೆಯುತ್ತಿದ್ದ ಲಿಪಿಕಾರನು ಅಕ್ಷರವೊಂದನ್ನು ಮರೆತು ಮುಂದೆ ಸಾಗಿದ್ದರೆ, ಬಿಟ್ಟ ಎಡೆಯಲ್ಲಿ ಹಕ್ಕಿಯ ಹೆಜ್ಜೆಯಂಥ ಗುರುತನ್ನು ಹಾಕಿ, ಆ ಅಕ್ಷರವನ್ನು ಸಾಲಿನ ಮೇಲೋ ಕೆಳಗೋ ಅಂಚಿನಲ್ಲೋ ಬರೆಯುತ್ತಿದ್ದನು. ಆ ಗುರುತೇ ಹಂಸಪಾದ. ಗ್ರಂಥದ ಮೊದಲ ಸಾಲಿನಲ್ಲಿಯೇ ಅದು ಕಂಡರೆ, ಮುಂದಿನ ಗರಿಗಳ ಗತಿ ಏನೆಂಬುದು ಓದುವವನಿಗೆ ತಿಳಿದಂತೆಯೇ!

ಗರಿಯ ಮೇಲೆ ಬರೆಯುವುದೆಂದರೆ ಕೊರೆಯುವುದು. ಕಬ್ಬಿಣದ ಕಂಟದಿಂದ ಗೀರಿ, ಮೇಲೆ ಕಾಡಿಗೆಯನ್ನೋ ಸೊಪ್ಪಿನ ರಸವನ್ನೋ ಸವರಿದರೆ ಅಕ್ಷರಗಳು ಕಪ್ಪಾಗಿ ಎದ್ದು ಕಾಣುತ್ತವೆ. ಒಮ್ಮೆ ಗೀರಿದುದನ್ನು ಒರಸಲು ಬಾರದು. ಬೇಡವಾದುದರ ಮೇಲೆ ಗೆರೆಯೆಳೆಯಬಹುದು, ಅಷ್ಟೆ. ಹೊಡೆದುಹಾಕಿದುದೂ ಓದುವವನ ಕಣ್ಣಿಗೆ ಬಿದ್ದೇ ಬೀಳುವುದು. ಗದುಗಿನ ನಾರಣಪ್ಪನು ತನ್ನ ಅಗ್ಗಳಿಕೆಗಳನ್ನು ಎಣಿಸುವಾಗ, ಹಲಗೆ ಬಳಪಗಳನ್ನು ಹಿಡಿಯದೆ, ಇಟ್ಟ ಪದವನ್ನು ಅಳಿಸದೆ ಬರೆದುದನ್ನೂ ಸೇರಿಸಿರುವನು. ಮಹಾಕವಿಗೆ ಅದು ಸಲ್ಲುತ್ತದೆ. ಉಳಿದವರಿಗೆ ಹಲಗೆ ಬಳಪಗಳೇ ಕ್ಷೇಮ. ತಿದ್ದುವುದೆಲ್ಲ ಗರಿಗೆ ಏರುವ ಮುನ್ನವೇ ಮುಗಿಯಬೇಕು.

ಏರಿದ ಮೇಲೆ? ತೊಡಕಿರುವುದು ಅಲ್ಲಿಯೇ. ನಾಲ್ವರು ಕೇಳಿದ, ಕೇಳಿ ಉತ್ತರ ಕೊಟ್ಟ ಮಾತು ಆಡಿದವನೊಬ್ಬನ ಸ್ವತ್ತಾಗಿ ಉಳಿಯುವುದಿಲ್ಲ. ಸಭೆಯಲ್ಲಿ ಒಬ್ಬನು ಮತ್ತೊಬ್ಬನನ್ನು ಹೀಗಳೆದನೆನ್ನಿ. ಅವನು ಕೆರಳಿ ಉತ್ತರಿಸಿದನೆನ್ನಿ. ಮರುದಿನ ಮೊದಲಿನವನು ಕಡತದಲ್ಲಿದ್ದ ತನ್ನ ಮಾತನ್ನು ಸದ್ದಿಲ್ಲದೆ ಸೌಮ್ಯಗೊಳಿಸಿದರೆ, ಹತ್ತು ವರ್ಷಗಳ ತರುವಾಯ ಓದುವವರಿಗೆ ಎರಡನೆಯವನು ಕಾರಣವಿಲ್ಲದೆ ಕಾಲು ಕೆರೆದು ಜಗಳಕ್ಕೆ ನಿಂತವನಂತೆ ಕಾಣುವನು. ತಿದ್ದಿದುದು ತನ್ನ ಮಾತನ್ನೇ ಆದರೂ ಕೆಟ್ಟುದು ಇನ್ನೊಬ್ಬನ ಮಾನ.

ನಮ್ಮ ಲೋಕಸಭೆಯ ನಿಯಮಾವಳಿಯು ಈ ಅಪಾಯವನ್ನು ಬಲ್ಲದು. ಸದಸ್ಯನು ತನ್ನ ಭಾಷಣದ ವರದಿಯಲ್ಲಿ ಬರೆದುಕೊಂಡವರಿಂದಾದ ತಪ್ಪುಗಳನ್ನು ತಿದ್ದಬಹುದು; ರಾತ್ರಿ ಹೊಳೆದ ಒಳ್ಳೆಯ ವಾಕ್ಯವನ್ನು ಅದರಲ್ಲಿ ತುರುಕುವಂತಿಲ್ಲ. ಮಾನಹಾನಿಕರವೋ ಅಸಭ್ಯವೋ ಆದ ಮಾತುಗಳನ್ನು 380ನೆಯ ನಿಯಮದಂತೆ ಸಭಾಧ್ಯಕ್ಷರು ಕಡತದಿಂದ ತೆಗೆಸಬಲ್ಲರು. ಆದರೆ ಅದರ ಬೆನ್ನಿಗೇ ಬರುವ 381ನೆಯ ನಿಯಮದಂತೆ, ತೆಗೆದ ಎಡೆಯಲ್ಲಿ ನಕ್ಷತ್ರ ಚಿಹ್ನೆಗಳಿರಬೇಕು. ಪೀಠದ ಆಜ್ಞೆಯಂತೆ ತೆಗೆಯಲಾಯಿತೆಂಬ ಟಿಪ್ಪಣಿ ಅಡಿಯಲ್ಲಿರಬೇಕು. ಮಾತು ಹೋದರೂ ಹೋದುದರ ಗುರುತು ಹೋಗುವುದಿಲ್ಲ.

ಮನೆ ನಿವೇಶನಗಳನ್ನು ಕೊಂಡ ಗೃಹಸ್ಥರಿಗೆ ಇದರ ಇನ್ನೊಂದು ರೂಪ ಪರಿಚಿತವೇ. ಪತ್ರದಲ್ಲಿ ಅಳಿಸಿದ, ಬದಲಿಸಿದ ಅಥವಾ ಸಾಲುಗಳ ನಡುವೆ ಸೇರಿಸಿದ ಮಾತಿದ್ದು, ಅದರ ಬಳಿ ಬರೆದುಕೊಟ್ಟವರ ರುಜುವೋ ಚಿಕ್ಕರುಜುವೋ ಇಲ್ಲದಿದ್ದರೆ, 1908ರ ನೋಂದಣಿ ಕಾಯಿದೆಯ 20ನೆಯ ಪ್ರಕರಣದಂತೆ ಅಧಿಕಾರಿಯು ಅದನ್ನು ನಿರಾಕರಿಸಬಹುದು. ನೋಂದಣಿಯಾದ ಮೇಲೆ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಪಶ್ಚಿಮವೆಂದು ಬಿದ್ದಿರುವುದು ಕಂಡರೆ, ಹಳೆಯ ಪತ್ರವನ್ನು ಯಾರೂ ಮುಟ್ಟುವಂತಿಲ್ಲ. ಬೇರೊಂದು ತಿದ್ದುಪಡಿ ಪತ್ರವನ್ನು ಬರೆಯಿಸಬೇಕು. ಎರಡನ್ನೂ ಪೆಟ್ಟಿಗೆಯಲ್ಲಿ ಕಾಪಾಡಬೇಕು.

ಓಲೆಯ ಕಾಲದ ಲಿಪಿಕಾರನಿಗೆ ಇಂಥ ಕಾಯಿದೆಯಿರಲಿಲ್ಲ. ಕಂಡಂತೆ ಬರೆದಿರುವೆನೆಂದೂ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದೂ ಅವನು ಕೊನೆಯಲ್ಲಿ ವಿನಯದಿಂದ ಬಿನ್ನವಿಸುತ್ತಿದ್ದುದುಂಟು. ಆದರೆ ತಾನು ಬಲ್ಲವನಲ್ಲವೆಂದು ಬಗೆವ ಓದುಗನುಂಟೆ? ಅವರವರಿಗೆ ತೋರಿದಂತೆ ತಿದ್ದಿದರು, ಸೇರಿಸಿದರು. ರುಜುವಿನ ಮಾತಂತೂ ಇಲ್ಲ. ಮುಂದಿನ ಪ್ರತಿಯನ್ನು ಎತ್ತುವವನು ಅಂಚಿನ ಮಾತನ್ನು ಸಾಲಿನೊಳಗೆ ಸೇರಿಸಿ ಬರೆದಾಗ ಹಂಸಪಾದವೂ ಮಾಯವಾಯಿತು.

ಹೀಗೆ ಬೆಳೆದ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಪುಣೆಯ ಭಾಂಡಾರಕರ ಸಂಸ್ಥೆಯು 1919ರಲ್ಲಿ ಕೈಗೆತ್ತಿಕೊಂಡಿತು. 1925ರಲ್ಲಿ ಪ್ರಧಾನ ಸಂಪಾದಕರಾದ ವಿ. ಎಸ್. ಸುಕಥಣಕರರು 1943ರಲ್ಲಿ ತೀರಿಕೊಂಡರು. ಹದಿನೆಂಟು ಪರ್ವಗಳ ಕಾರ್ಯ ಮುಗಿದುದು 1966ರಲ್ಲಿ. ಸಂದೇಹವಿದ್ದ ಪಾಠದ ಕೆಳಗೆ ಅವರು ಅಲೆಯಂಥ ಗೆರೆಯೊಂದನ್ನು ಎಳೆದರು. ಮೂಲಕ್ಕೆ ಸೇರದೆಂದು ತೋರಿದ ಶ್ಲೋಕಗಳನ್ನೂ ಬಿಸುಡಲಿಲ್ಲ; ಚಿಕ್ಕವು ಅಡಿಟಿಪ್ಪಣಿಗೆ ಇಳಿದವು, ದೊಡ್ಡವು ಅನುಬಂಧಕ್ಕೆ ಹೋದವು. ಲೆಕ್ಕಣಿಯನ್ನು ಕ್ಷಣವೂ ನಿಲ್ಲಿಸೆನೆಂದು ವ್ಯಾಸರಿಗೆ ಕರಾರು ಹಾಕಿ ಬರೆಯಲು ಕುಳಿತ ಗಣಪತಿಯ ಕಥೆಯೂ ಆದಿಪರ್ವದ ಮೂಲದಿಂದ ಹೊರಬಿದ್ದು, ಆ ಅನುಬಂಧದಲ್ಲಿ ಒಂದಕ್ಷರವೂ ಕಳೆಯದೆ ಕುಳಿತಿದೆ.